ಶರೀಫರ ಪದಗಳ ದೇಶಾಟನೆ



ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಒಂದೇ ವಸ್ತುವಿನ ಸುತ್ತ ಹೆಣೆದ ಗೀತಮಾಲಿಕೆಗಳ ಸಂಪ್ರದಾಯವೊಂದಿದೆ. ಪಿಂಕ್ ಫ್ಲಾಯ್ಡ್ ತಂಡವು 1979ರಲ್ಲಿ ಹೊರತಂದ 'ದಿ ವಾಲ್' ಅದಕ್ಕೆ ಪ್ರಸಿದ್ಧ ನಿದರ್ಶನ. ಮನುಷ್ಯನು ತನ್ನ ಸುತ್ತ ಕಟ್ಟಿಕೊಳ್ಳುವ ಒಂಟಿತನದ ಗೋಡೆಯೇ ಅದರ ವಸ್ತು. 1980–81ರಲ್ಲಿ ಆ ತಂಡವು ನಾಲ್ಕೇ ನಗರಗಳಲ್ಲಿ 31 ಪ್ರದರ್ಶನಗಳನ್ನು ನೀಡಿತು. ಹಾಡು ಸಾಗಿದಂತೆ ಗಾಯಕರಿಗೂ ಶ್ರೋತೃಗಳಿಗೂ ನಡುವೆ ರಟ್ಟಿನ ಇಟ್ಟಿಗೆಗಳ ಗೋಡೆ ಏಳುತ್ತಿತ್ತು. ಕೊನೆಗೆ ಕುಸಿದು ಬೀಳುತ್ತಿತ್ತು. ಅಲ್ಲಿ ಮೊದಲು ಧ್ವನಿಮುದ್ರಿಕೆ, ಆಮೇಲೆ ರಂಗಪ್ರದರ್ಶನ.

ನಮ್ಮ ಕುಂದಗೋಳ ಸೀಮೆಗೆ ಸೇರಿದ ಗೀತಮಾಲಿಕೆಯೊಂದು ಇದಕ್ಕೆ ತೀರ ವಿರುದ್ಧವಾದ ದಾರಿಯಲ್ಲಿ ನಡೆದು ಬಂದಿದೆ. ಅದು ಸಂತ ಶಿಶುನಾಳ ಶರೀಫರ ತತ್ತ್ವಪದಗಳು.

ಶರೀಫರು (1819–1889) ಹುಟ್ಟಿದ ಶಿಶುನಾಳ ಇಂದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲಿದೆ. ಅವರ ಗುರುಗಳಾದ ಗೋವಿಂದ ಭಟ್ಟರ ಕಳಸ ಗ್ರಾಮವಾದರೋ ನಮ್ಮ ತಾಲೂಕಿನದೇ. ಮುಸಲ್ಮಾನ ಶಿಷ್ಯನನ್ನು ಬ್ರಾಹ್ಮಣ ಗುರುವು ಊರವರ ಆಕ್ಷೇಪಣೆಯನ್ನು ಲೆಕ್ಕಿಸದೆ ಸ್ವೀಕರಿಸಿದ ಕಥೆ ಈ ಭಾಗದ ಮನೆಮನೆಗೂ ಗೊತ್ತು. ಶರೀಫರು ಕೆಲಕಾಲ ಶಾಲಾ ಮಾಸ್ತರರೂ ಆಗಿದ್ದರೆಂಬುದು ನನ್ನಂಥವರಿಗೆ ಅಭಿಮಾನದ ಸಂಗತಿ. ಸೋರುವ ಮಾಳಿಗೆ, ಸೇದುವ ಗುಡಿಗುಡಿ, ಕೋಡಗ, ಕೋಳಿ ಹೀಗೆ ಕಣ್ಣೆದುರಿನ ವಸ್ತುಗಳನ್ನೇ ಹಿಡಿದು ಅವರು ದೇಹ, ಮನಸ್ಸು, ಗುರುಕೃಪೆಗಳನ್ನು ಕುರಿತು ಹಾಡಿದರು. ನೂರಾರು ಪದಗಳನ್ನು ಒಂದಾಗಿಸುವ ಎಳೆ ಇದೇ.

ಈ ಪದಗಳನ್ನು ಮೊದಲು ಊರೂರಿಗೆ ಕೊಂಡೊಯ್ದವರು ಭಜನಾ ಮೇಳದವರು. ಏಕತಾರಿ, ದಮ್ಮಡಿ, ತಾಳ, ಪೇಟಿಗಳೇ ಅವರ ವಾದ್ಯಗಳು; ಗುಡಿಯ ಕಟ್ಟೆಯೇ ರಂಗ. ಒಂದು ಊರಿನ ದಾಟಿ ಇನ್ನೊಂದು ಊರಿನದಾಗಿರಲಿಲ್ಲ. ಬೇಕೆನಿಸಿದ ಸಾಲನ್ನು ಮತ್ತೆ ಮತ್ತೆ ಹಾಡುವ, ನಡುವೆ ನಿಲ್ಲಿಸಿ ಅರ್ಥ ಹೇಳುವ ಸ್ವಾತಂತ್ರ್ಯ ಮೇಳಕ್ಕಿತ್ತು.

ಎರಡನೆಯ ಘಟ್ಟ ಕ್ಯಾಸೆಟ್ಟಿನದು. ಸಿ. ಅಶ್ವಥ್ ಅವರ ರಾಗಸಂಯೋಜನೆ, ಅವರದೂ ಶಿವಮೊಗ್ಗ ಸುಬ್ಬಣ್ಣನವರದೂ ಕಂಠ, ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರ ಆಸ್ಥೆ ಸೇರಿ ಶರೀಫರು ಸುಗಮ ಸಂಗೀತದ ವೇದಿಕೆಗೆ ಬಂದರು. 1990ರಲ್ಲಿ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೂ ಅಶ್ವಥ್ ಅವರದೇ ಸಂಗೀತ. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಂದಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ ಅಶ್ವಥ್ ಅವರನ್ನು ಕೇಳಲು ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದರು. 2009ರಲ್ಲಿ ಅವರು ತೀರಿಕೊಂಡರು.

ಮೂರನೆಯ ಘಟ್ಟದಲ್ಲಿ ರಾಕ್ ಸಂಗೀತವೇ ಶರೀಫರ ಬಳಿಗೆ ಬಂದಿತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಎರಡು ಪದಗಳನ್ನು ಸೇರಿಸಿದರು. ಒಂದು ಮಾಳಿಗೆಯದು, ಇನ್ನೊಂದು ಗುಡಿಗುಡಿಯದು. ಗಿಟಾರು, ಡ್ರಮ್ಮು, ಪಿಟೀಲುಗಳೊಡನೆ, ಲುಂಗಿಯುಟ್ಟು ಗೆಜ್ಜೆ ಕಟ್ಟಿ ಹಾಡುವ ಅವರ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೂ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಹೋಗಿಬಂದಿತು. ಕನ್ನಡದ ಒಂದಕ್ಷರವೂ ಬಾರದ ಜನರ ನಡುವೆ ಕನ್ನಡದ ಹಾಡುಗಾರಿಕೆ ಮೊಳಗಿತು.

ಇದು ಪದಗಳಿಗೆ ಮಾಡಿದ ಅಪಚಾರವೆನ್ನುವವರಿದ್ದಾರೆ. ನನಗೆ ಹಾಗೆನ್ನಿಸದು. ದಾಟಿ ಬದಲಾಯಿಸುತ್ತಲೇ ಬದುಕಿದ ಪದಗಳಿಗೆ ಗಿಟಾರು ಪರಕೀಯವಲ್ಲ. ನನ್ನ ಆತಂಕ ಬೇರೆ. ಶಾಲೆಯ ಗ್ಯಾದರಿಂಗಿನಲ್ಲಿ ನಮ್ಮ ಭಾಗದ ಮಕ್ಕಳು ಶರೀಫರನ್ನು ಹಾಡುವಾಗ ಕೇಳಿಬರುವುದು ಹೆಚ್ಚಾಗಿ ಮುದ್ರಿಕೆಯ ರಾಗವೇ. ಅದು ಸೊಗಸಾದ ರಾಗ, ನಿಜ; ಆದರೆ ಅದೊಂದೇ ಉಳಿದರೆ ತಮ್ಮೂರಿನ ಅಜ್ಜನ ದಾಟಿ ಅಜ್ಜನೊಡನೆಯೇ ಮಣ್ಣಾಗುತ್ತದೆ. ಲಂಡನ್ನಿನ ಪ್ರದರ್ಶನಕ್ಕೆ ದಾಖಲೆಯುಂಟು, ಗುಡಿಯ ಕಟ್ಟೆಯ ಹಾಡಿಗೆ ಬಹುಮಟ್ಟಿಗೆ ಇಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೆಲಸ ಬೇಡುತ್ತೇನೆ. ಮುಂದಿನ ಸಲ ಊರಿಗೆ ಬಂದಾಗ ಭಜನೆಯ ಹಿರಿಯರೊಬ್ಬರ ಎದುರು ಕುಳಿತು, ಅವರ ಒಪ್ಪಿಗೆ ಪಡೆದು, ಒಂದು ಪದವನ್ನು ಮೊಬೈಲಿನಲ್ಲಿ ಪೂರ್ತಿ ಮುದ್ರಿಸಿಕೊಳ್ಳಿರಿ. ಹಾಡಿದವರ ಹೆಸರು, ಊರು, ತಾರೀಖು ಬರೆದಿಡಿರಿ. ಯಾರಿಂದ ಕಲಿತರೆಂಬುದನ್ನೂ ಮರೆಯದೆ ಕೇಳಿರಿ.