ಪದ ಪರಿಚಯ: ಪ್ರತಿಮೆ

ಪ್ರತಿಮೆ

ಅಳೆಯುವುದು ಎಂಬ ಅರ್ಥದ ಸಂಸ್ಕೃತ ಧಾತು ‘ಮಾ’ಕ್ಕೆ ‘ಪ್ರತಿ’ ಸೇರಿ ಹುಟ್ಟಿದ ‘ಪ್ರತಿಮಾ’, ಮೂಲಕ್ಕೆ ಸಮನಾಗಿ ಅಳೆದು ಮಾಡಿದ ರೂಪವನ್ನು ಹೇಳುತ್ತದೆ; ಪ್ರಾಕೃತದಲ್ಲಿ ಇದು ‘ಪಡಿಮಾ’, ತಮಿಳಿನಲ್ಲಿ ‘ಪಡಿಮಮ್’. ಗತಿಸಿದ ರಾಜರ ಪ್ರತಿಮೆಗಳ ಸಾಲಿನಲ್ಲಿ ದಶರಥನದನ್ನು ಕಂಡು ಭರತನು ತಂದೆಯ ಮರಣವನ್ನು ಅರಿಯುವ ಸನ್ನಿವೇಶವೇ ಸಂಸ್ಕೃತ ನಾಟಕಕಾರ ಭಾಸನ ‘ಪ್ರತಿಮಾನಾಟಕ’ಕ್ಕೆ ಹೆಸರಾಗಿರುವುದರಿಂದ, ದೇವರ ಮೂರ್ತಿಗಷ್ಟೇ ಅಲ್ಲದೆ ಮನುಷ್ಯರ ಆಕೃತಿಗೂ ಈ ಪದ ಹಿಂದಿನಿಂದ ಸಲ್ಲುತ್ತಿತ್ತು ಎಂದು ತಿಳಿಯುತ್ತದೆ. ನವ್ಯ ವಿಮರ್ಶೆ ಇದನ್ನು ಕಾವ್ಯದಲ್ಲಿ ಮೂಡುವ ಚಿತ್ರಕ್ಕೂ ವಿಸ್ತರಿಸಿತು. ಮೂರು ಭಾಷೆಗಳು ಬೆರೆತ ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶದಲ್ಲಿ ಕನ್ನಡದ ಪ್ರತಿಮೆಯೊಡನೆ ತಮಿಳಿನ ‘ಸಿಲೈ’, ತೆಲುಗಿನ ‘ವಿಗ್ರಹಂ’ ಕೂಡ ಬಳಕೆಯಲ್ಲಿವೆ.

ಪ್ರತಿಮೆಯ ಛಾಯಾಚಿತ್ರವು ಪ್ರತಿರೂಪದ ಪ್ರತಿರೂಪವಾದುದರಿಂದ ಕೃತಿಸ್ವಾಮ್ಯದ, ಅಂದರೆ ಕೃತಿಯನ್ನು ನಕಲು ಮಾಡಲು ಕರ್ತೃವಿಗಿರುವ ವಿಶೇಷ ಹಕ್ಕಿನ, ಪ್ರಶ್ನೆ ಏಳುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಸಾರ್ವಜನಿಕ ಸ್ಥಳದಲ್ಲಿ ಅಥವಾ ಜನರಿಗೆ ಪ್ರವೇಶವಿರುವ ಆವರಣದಲ್ಲಿ ಶಾಶ್ವತವಾಗಿ ನಿಂತ ಶಿಲ್ಪದ ಛಾಯಾಚಿತ್ರವನ್ನು ತೆಗೆಯಲು ಮತ್ತು ಪ್ರಕಟಿಸಲು ಅನುವು ಮಾಡಿಕೊಟ್ಟಿದೆ. ಇದನ್ನು ‘ಪನೋರಮಾ ಸ್ವಾತಂತ್ರ್ಯ’ ಎನ್ನುತ್ತಾರೆ. ಹೀಗಾಗಿ ಕೆಜಿಎಫ್ ಮತ್ತು ಬಂಗಾರಪೇಟೆಗೆ ಸಮೀಪದ ಕಮ್ಮಸಂದ್ರದ ಕೋಟಿಲಿಂಗೇಶ್ವರ ದೇವಾಲಯದಲ್ಲಿ ನಿಂತ 108 ಅಡಿ ಎತ್ತರದ ಲಿಂಗದ ಚಿತ್ರ ಹಂಚಲು ಈ ಕಾಯ್ದೆ ಅಡ್ಡಿಯಾಗದು. ಆದರೆ ಒಂದು ಶಿಲ್ಪವನ್ನು ನೋಡಿ ಇನ್ನೊಂದು ಶಿಲ್ಪ ಮಾಡುವುದಕ್ಕೆ ಈ ವಿನಾಯಿತಿ ಇಲ್ಲ. ಉದಾರವೂ ನ್ಯಾಯವೂ ಆದ ಈ ಪನೋರಮಾ ಸ್ವಾತಂತ್ರ್ಯದ ನಿಯಮ ಎಲ್ಲೆಡೆ ಇಲ್ಲ: ಫ್ರಾನ್ಸ್ 2016ರಲ್ಲಿ ವ್ಯಕ್ತಿಗಳ ವಾಣಿಜ್ಯೇತರ ಬಳಕೆಗಷ್ಟೇ ಅವಕಾಶ ಕೊಟ್ಟಿತು, ಅಮೆರಿಕದ ವಿನಾಯಿತಿ ಕಟ್ಟಡಗಳಿಗೆ ಸೀಮಿತವಾಗಿದ್ದು ಪ್ರತಿಮೆಗಳನ್ನು ಒಳಗೊಳ್ಳುವುದಿಲ್ಲ. ವಿದೇಶದಲ್ಲಿ ಚಿತ್ರ ಪ್ರಕಟಿಸುವವರು ಆಯಾ ದೇಶದ ನಿಯಮವನ್ನು ಮೊದಲೇ ತಿಳಿದುಕೊಳ್ಳಬೇಕು.