ಗಾಜಿನ ಮಣಿಗೆ ಎಂಥ ಭಟ್ಟಿ? ಕುಲುಮೆ, ಆವಿಗೆಗಳ ಸೀಮೆಯಲ್ಲಿ ಒಂದು ಹುಡುಕಾಟ

ತಾಳಿಸರದ ಕರಿಮಣಿ ಎಲ್ಲಿಂದ ಬರುತ್ತದೆ? ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಸಂತೆ, ಜಾತ್ರೆಗಳಲ್ಲಿ ಮಣಿ ಮಾರುವವರು ಸಿಗುತ್ತಾರೆ. ಮಾಡಿದ ಕೈ ಮಾತ್ರ ದೂರದ್ದು. ಮದುವೆಯಾದ ಹೆಣ್ಣುಮಕ್ಕಳ ಕೊರಳಲ್ಲಿ, ತಾಂಡಾದ ಲಂಬಾಣಿ ತಾಯಂದಿರ ಸರಗಳಲ್ಲಿ, ಕೂಸಿನ ಕೈಯ ದೃಷ್ಟಿಮಣಿಯಲ್ಲಿ ಗಾಜು ಇದೆ. ಆದರೆ ಆ ಗಾಜನ್ನು ಕರಗಿಸುವ ಬೆಂಕಿ ನಮ್ಮ ಊರುಗಳಲ್ಲಿಲ್ಲ.

ಈಗ ಆ ಬೆಂಕಿ ಹೊತ್ತಿಸುವುದು ಕಷ್ಟವಲ್ಲ. ಗ್ಯಾಸ್ ಬರ್ನರಿನ ಮುಂದೆ ಗಾಜಿನ ಕಡ್ಡಿ ಹಿಡಿದು, ಕರಗಿದ ಗಾಜನ್ನು ಕಬ್ಬಿಣದ ಸಳಿಗೆ ಸುತ್ತಿ ಮಣಿ ಮಾಡುವುದನ್ನು ಮೊಬೈಲಿನಲ್ಲಿ ನೋಡಿಯೇ ಕಲಿಯುವವರಿದ್ದಾರೆ. ಮೊದಲ ದಿನ ಮಣಿ ಚಂದ ಕಾಣುತ್ತದೆ. ಎರಡು ದಿನ ಬಿಟ್ಟು ನೋಡಿದರೆ, ಯಾರೂ ಮುಟ್ಟದೆಯೇ ಎರಡು ಹೋಳಾಗಿರುತ್ತದೆ. ಆಗ ಬರುವ ಪ್ರಶ್ನೆ: ಮಣಿಯನ್ನು ಹದವಾಗಿ ಆರಿಸಲು ಎಂಥ ಸಣ್ಣ ಭಟ್ಟಿ ಕೊಳ್ಳಬೇಕು? ಸಾಲ ಮಾಡಿ ಭಟ್ಟಿ ತರುವ ಮೊದಲು ನಮ್ಮ ಸೀಮೆಯ ಹಳೆಯ ಬೆಂಕಿಗಳ ಕಥೆ ಒಮ್ಮೆ ನೋಡುವುದು ಒಳ್ಳೆಯದು ಎಂದು ನಮಗನ್ನಿಸುತ್ತದೆ.

ಗಾಜು ತಾನಾಗಿ ಯಾಕೆ ಒಡೆಯುತ್ತದೆ?

ಉರಿಯುವ ಕಂದೀಲಿನ ಚಿಮಣಿಯ ಮೇಲೆ ಮಳೆಹನಿ ಬಿದ್ದರೆ ಚಟ್ ಎಂದು ಸೀಳುತ್ತದೆ. ಹಳಬರೆಲ್ಲ ಇದನ್ನು ನೋಡಿದ್ದಾರೆ. ಹನಿ ಬಿದ್ದ ಜಾಗ ತಟ್ಟನೆ ಕುಗ್ಗುತ್ತದೆ, ಸುತ್ತಲಿನ ಬಿಸಿ ಗಾಜು ಕುಗ್ಗುವುದಿಲ್ಲ. ಆ ಎಳೆದಾಟಕ್ಕೆ ಗಾಜು ಸೋಲುತ್ತದೆ.

ಮಣಿಯೊಳಗೂ ಇಂಥದೇ ಎಳೆದಾಟ ನಡೆಯುತ್ತದೆ. ಬೆಂಕಿಯಿಂದ ತೆಗೆದ ಮಣಿಯ ಹೊರಮೈ ಮೊದಲು ಆರಿ ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಆರುತ್ತ ಕುಗ್ಗಬೇಕು. ಹೊರಗಿನ ಚಿಪ್ಪು ಬಿಡುವುದಿಲ್ಲ. ಆ ಜಗಳ ಗಾಜಿನೊಳಗೇ ಉಳಿದು, ಎಂದೋ ಒಂದು ದಿನ ಬಿರುಕಾಗಿ ಹೊರಬರುತ್ತದೆ.

ಇದಕ್ಕೆ ಮದ್ದು ಒಂದೇ. ಮಣಿಯನ್ನು ಸುಮಾರು 500ರಿಂದ 550 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸ್ವಲ್ಪ ಹೊತ್ತು ಹಿಡಿದಿಡಬೇಕು. ಆ ಬಿಸಿಗೆ ಗಾಜು ಕರಗುವುದಿಲ್ಲ, ಆದರೆ ಒಳಗಿನ ಬಿಗಿ ಸಡಿಲಾಗುತ್ತದೆ. ಆಮೇಲೆ ಮೆಲ್ಲಗೆ ಆರಿಸಬೇಕು. ಇದನ್ನೇ ಕಸುಬಿನವರು ಅನೀಲಿಂಗ್ ಎನ್ನುತ್ತಾರೆ.

ಹಾಗಾದರೆ ಭಟ್ಟಿಯಿಲ್ಲದ ಕಾಲದ ಕರಿಮಣಿ ಯಾಕೆ ಒಡೆಯಲಿಲ್ಲ? ಅದು ಸಣ್ಣದು, ಅದಕ್ಕೆ. ಒಂದೇ ವೇಗದಲ್ಲಿ ಆರಿಸಿದರೆ, ದಪ್ಪ ಎರಡು ಪಟ್ಟಾದಾಗ ಒಳಗಿನ ಬಿಗಿ ನಾಲ್ಕು ಪಟ್ಟಾಗುತ್ತದೆ. 2 ಮಿಲಿಮೀಟರ್ ಮಣಿಗೂ 20 ಮಿಲಿಮೀಟರ್ ಮಣಿಗೂ ಹೋಲಿಸಿದರೆ ಅದು 100 ಪಟ್ಟು. ಸಾಸಿವೆಯಂಥ ಮಣಿ ಬೂದಿಯಲ್ಲಿ ಆರಿಸಿದರೂ ಬದುಕುತ್ತದೆ. ಗೋಲಿ ಗಾತ್ರದ ಮಣಿ ಬದುಕುವುದು ಕಷ್ಟ.

ಹಳ್ಳೂರಿನ ಕುಲುಮೆ

ನಮ್ಮ ಸೀಮೆಗೆ ಬೆಂಕಿಯ ವಿದ್ಯೆ ಹೊಸದಲ್ಲ. ಹಿರೇಕೆರೂರು ಸೀಮೆಯಲ್ಲಿ ತುಂಗಭದ್ರೆಯ ದಂಡೆಗೆ ಹಳ್ಳೂರು ಇದೆ. 1960ರ ದಶಕದಲ್ಲಿ ಪುರಾತತ್ವ ವಿದ್ವಾಂಸ ಎಂ. ಎಸ್. ನಾಗರಾಜರಾವ್ ಅಲ್ಲಿ ಅಗೆಸಿದರು. ಹೊಸ ಶಿಲಾಯುಗದ ಜನರ ವಾಸದ ಮೇಲಿನ ಪದರಿನಲ್ಲಿ ಕಬ್ಬಿಣದ ವಸ್ತುಗಳು ಸಿಕ್ಕವು. ಇಂಗಾಲದ ಕಾಲಪರೀಕ್ಷೆ ಅವನ್ನು ಕ್ರಿಸ್ತಪೂರ್ವ 1000ದ ಸುಮಾರಿಗೆ ಒಯ್ಯಿತು. ದಕ್ಷಿಣ ಭಾರತದ ಅತಿ ಹಳೆಯ ಕಬ್ಬಿಣದ ಮಾತು ಬಂದಾಗ ಇಂದಿಗೂ ವಿದ್ವಾಂಸರು ಹಳ್ಳೂರಿನ ಹೆಸರು ಹೇಳುತ್ತಾರೆ.

ಅದಿರಿನಿಂದ ಕಬ್ಬಿಣ ತೆಗೆಯಲು ಬೇಕಾಗುವ ಬಿಸಿ ಗಾಜು ಮೆತ್ತಗಾಗಲು ಬೇಕಾದುದಕ್ಕಿಂತ ಹೆಚ್ಚು. ಅಂದರೆ ಬಿಸಿ ಏರಿಸುವ ವಿದ್ಯೆ ಈ ನೆಲಕ್ಕೆ ಮೂರು ಸಾವಿರ ವರ್ಷ ಹಳೆಯದು. ಆದರೆ ಕಮ್ಮಾರನ ರೀತಿ ಗಾಜಿಗೆ ಒಗ್ಗುವುದಿಲ್ಲ. ಕಾದ ಕುಡಗೋಲನ್ನು ಅವನು ನೀರಿಗೆ ಅದ್ದಿ ಗಡಸು ಮಾಡುತ್ತಾನೆ. ಗಾಜನ್ನು ಹಾಗೆ ಅದ್ದಿದರೆ ನುಚ್ಚುನೂರು.

ಅಬಲೂರಿನ ಆವಿಗೆ

ಎರಡನೆಯ ಬೆಂಕಿ ಕುಂಬಾರರದು. ಸರ್ವಜ್ಞನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಐತಿಹ್ಯದ ಪ್ರಕಾರ ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರ ಮಾಳಿ. ಹಿರೇಕೆರೂರು ಸೀಮೆಯ ಈ ಕಥೆಯಲ್ಲೇ ಕುಂಬಾರರ ಮನೆ ಇದೆ, ಆವಿಗೆ ಇದೆ.

ಆವಿಗೆ ಹಾಕುವುದನ್ನು ಕಂಡವರಿಗೆ ಗೊತ್ತು: ಗಡಿಗೆ ಒಟ್ಟಿ, ಕುಳ್ಳು, ಕಟ್ಟಿಗೆ, ಹುಲ್ಲು ಹೊಚ್ಚಿ, ಮೇಲೆ ಕೆಸರು ಮೆತ್ತಿ ಬೆಂಕಿ ಕೊಡುತ್ತಾರೆ. ಸುಟ್ಟ ಮೇಲೆ ಅವಸರದಿಂದ ಬಿಚ್ಚುವುದಿಲ್ಲ. ಬೂದಿಯ ಹೊದಿಕೆಯೊಳಗೆ ತಾನಾಗಿ ಆರಲಿ ಎಂದು ಬಿಡುತ್ತಾರೆ. ಬಿಸಿ ಆರುವವರೆಗೆ ಕಾಯುವುದೂ ಕೆಲಸದ ಭಾಗವೇ ಎಂದು ಅವರಿಗೆ ಗೊತ್ತಿತ್ತು. ಗಾಜಿನ ಮಣಿಗೆ ಬೇಕಾದ ಅರ್ಧ ವಿದ್ಯೆ ಇಲ್ಲೇ ಇದೆ.

ಇನ್ನರ್ಧ ಇಲ್ಲಿಲ್ಲ. ಆವಿಗೆಯ ಒಂದು ಮೂಲೆಯಲ್ಲಿ 600 ಡಿಗ್ರಿ ಇದ್ದರೆ ಇನ್ನೊಂದು ಮೂಲೆಯಲ್ಲಿ 800 ಇರಬಹುದು. ಗಡಿಗೆ ಅದನ್ನು ತಾಳುತ್ತದೆ. 800ರಲ್ಲಿ ಸಿಕ್ಕ ಮಣಿ ಮೆತ್ತಗಾಗಿ ಪಕ್ಕದ ಮಣಿಗೆ ಅಂಟಿಕೊಳ್ಳುತ್ತದೆ.

ಮತ್ತೋಡಿನ ಬಳೆ, ಪಾಪನಾಯುಡುಪೇಟದ ಮಣಿ

ಮೂರನೆಯ ಬೆಂಕಿ ಗಾಜಿನದು. ಅದನ್ನು ನೋಡಲು ದಾವಣಗೆರೆ ದಾಟಿ ಹೊಸದುರ್ಗ ತಾಲ್ಲೂಕಿನ ಮತ್ತೋಡಿಗೆ ಹೋಗಬೇಕು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಬಳೆ ಕಸುಬಿನ ಬಗ್ಗೆ ಬರೆದಿಟ್ಟಿದ್ದಾನೆ. ಊರಗೋಡೆಗೆ ಒತ್ತಿ ಕಟ್ಟಿದ ಎತ್ತರದ ಕಟ್ಟೆಯಲ್ಲಿ ಗುಮ್ಮಟದಂಥ ಭಟ್ಟಿಗಳು. ಗಾಜು ಐದು ಬಣ್ಣದ್ದು: ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ. ಗಾಜಿಗೆ ಬೇಕಾದ ಸೋಡಾ ಸವಳು ಮಣ್ಣಿನಿಂದ, ಉಳಿದದ್ದು ಬೆಣಚುಕಲ್ಲಿನ ಪುಡಿಯಿಂದ. ಬೆಳೆಗೆ ಬಾರದ ಸವಳು ನೆಲ ಬಳೆಯಾಗಿ ಸಂತೆಗೆ ಬರುತ್ತಿತ್ತು.

ಬಳೆಯ ಚರಿತ್ರೆ ಅದಕ್ಕಿಂತ ಹಿಂದಕ್ಕೂ ಹೋಗುತ್ತದೆ. ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬವನ್ನು 1945–46ರಲ್ಲಿ ಅಗೆದಾಗ ಎಚ್. ಡಿ. ಸಾಂಕಲಿಯಾ ಮತ್ತು ಎಂ. ಜಿ. ದೀಕ್ಷಿತ್ ಅವರಿಗೆ ಬಹಮನಿ ಕಾಲದ ಬಣ್ಣಬಣ್ಣದ ಗಾಜಿನ ಬಳೆಗಳು ಸಿಕ್ಕವು. ಇದೇ ದೀಕ್ಷಿತ್ ಮುಂದೆ ಭಾರತದ ಗಾಜಿನ ಇತಿಹಾಸವನ್ನೇ ಬರೆದರು.

ಮಣಿಯ ಕಥೆ ಇನ್ನೂ ಹಳೆಯದು. ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗಾಜಿನ ಸಣ್ಣ ಮಣಿ ತಯಾರಾಗುತ್ತಿತ್ತು. ಕರಗಿದ ಗಾಜನ್ನು ಉದ್ದ ಕೊಳವೆಯಾಗಿ ಎಳೆದು, ಆ ಕೊಳವೆಯನ್ನು ಚೂರು ಚೂರು ಕತ್ತರಿಸಿ, ಚೂರುಗಳನ್ನು ಬೂದಿಯೊಡನೆ ಮತ್ತೆ ಕಾಯಿಸಿ ಅಂಚು ದುಂಡಗೆ ಮಾಡುವ ರೀತಿ ಅದು. ಇಂಥ ಮಣಿ ಕಡಲು ದಾಟಿ ಆಗ್ನೇಯ ಏಷ್ಯಾಕ್ಕೂ ಆಫ್ರಿಕಾಕ್ಕೂ ಹೋಯಿತು. ಆಂಧ್ರದ ತಿರುಪತಿ ಹತ್ತಿರದ ಪಾಪನಾಯುಡುಪೇಟದಲ್ಲಿ ಈ ಎಳೆಯುವ ಕಸುಬು ನಮ್ಮ ಕಾಲದವರೆಗೂ ಉಳಿದು ಬಂತು.

ಗಮನಿಸಿ, ಈ ಕಸುಬುಗಳೆಲ್ಲ ತೆಳು ಬಳೆ ಅಥವಾ ಸಣ್ಣ ಮಣಿಯ ಸುತ್ತಲೇ ಬೆಳೆದವು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಗಾಜು ಒಪ್ಪುವ ಗಾತ್ರವನ್ನೇ ಅವರು ಆರಿಸಿಕೊಂಡಿದ್ದರು.

ಕಸುಬು ಯಾಕೆ ಹೋಯಿತು?

ಹತ್ತೊಂಬತ್ತನೆಯ ಶತಮಾನದಲ್ಲಿ ಬೊಹೆಮಿಯಾ ಸೀಮೆಯ ಮಣಿ, ಬಳೆ ಹಡಗು ತುಂಬಿ ಬರತೊಡಗಿದವು. ಅದು ಇಂದಿನ ಝೆಕ್ ದೇಶದ ಭಾಗ. ಅಲ್ಲಿಯ ಸರಕು ನುಣುಪು, ಒಂದೇ ಅಳತೆ, ಅಗ್ಗ. ಮೊದಲ ಮಹಾಯುದ್ಧದ ಹೊತ್ತಿಗೆ ಆ ಜಾಗಕ್ಕೆ ಜಪಾನಿನ ಸರಕು ಬಂತು. ಸವಳು ಮಣ್ಣಿನ ಒರಟು ಗಾಜು ಅದರೆದುರು ನಿಲ್ಲಲಿಲ್ಲ.

ಸ್ವದೇಶಿ ಚಳವಳಿ ಉತ್ತರ ಕೊಡಲು ನೋಡಿತು. ಜನರಿಂದ ಪೈಸೆ ಪೈಸೆ ಕೂಡಿಸಿದ ಪೈಸಾ ಫಂಡಿನಿಂದ ಪುಣೆ ಹತ್ತಿರದ ತಳೇಗಾಂವದಲ್ಲಿ 1908ರಲ್ಲಿ ಗಾಜಿನ ಕಾರ್ಖಾನೆ ಶುರುವಾಯಿತು. ಕರಾಡ ಹತ್ತಿರದ ಓಗಲೆವಾಡಿಯ ಕಾರ್ಖಾನೆಯಿಂದ ಪ್ರಭಾಕರ ಕಂದೀಲು ಬಂತು. ಬಳೆಗೆ ಉತ್ತರಪ್ರದೇಶದ ಫಿರೋಜಾಬಾದ್ ದೊಡ್ಡ ಕೇಂದ್ರವಾಯಿತು. ಗಾಜು ದೇಶಕ್ಕೆ ಮರಳಿತು, ಆದರೆ ಹಳ್ಳಿಗೆ ಮರಳಲಿಲ್ಲ. ದೊಡ್ಡ ಭಟ್ಟಿಯನ್ನು ಹಗಲು ರಾತ್ರಿ ಉರಿಸಬೇಕು. ಆರಿಸಿ ಮತ್ತೆ ಹೊತ್ತಿಸಿದರೆ ನಷ್ಟ. ಅದು ಒಂದು ಮನೆಯವರ ಕೈಗೆ ಎಟುಕುವ ಬೆಂಕಿಯಲ್ಲ.

ಈಗ ಸ್ಥಿತಿ ಬದಲಾಗಿದೆ. ಕರಗಿಸಲು ಗ್ಯಾಸ್ ಬರ್ನರ್, ಆರಿಸಲು ಕರೆಂಟಿನ ಸಣ್ಣ ಭಟ್ಟಿ ಸಾಕು. ಎರಡೂ ಸೇರಿ ಒಂದು ಮೇಜಿನ ಮೇಲೆ ಕೂರುತ್ತವೆ. ನೂರು ವರ್ಷಗಳ ಮೇಲೆ ಗಾಜು ಮತ್ತೆ ಮನೆಯ ಅಳತೆಗೆ ಇಳಿದಿದೆ. ಅದಕ್ಕೇ ಈ ಆಯ್ಕೆ ಸಣ್ಣದಲ್ಲ.

ಕೊಳ್ಳುವ ಮೊದಲು

ಬಿಸಿಯ ಅಂಕಿಗೆ ಮರುಳಾಗಬೇಡಿ. 1300 ಡಿಗ್ರಿ ಎಂದು ಬರೆದ ಭಟ್ಟಿ ಪಿಂಗಾಣಿ ಮಾಡುವವರಿಗೆ. ಮಣಿ ಆರಿಸಲು 600 ಸಾಕು. ಒಡೆದ ಬಾಟಲಿಯ ಪುಡಿಯಿಂದ ಮಣಿ ಮಾಡುವ ಆಸೆಯಿದ್ದರೆ 900ರವರೆಗೆ ಹೋಗುವುದು ಇರಲಿ. ಆಫ್ರಿಕಾದ ಘಾನಾದಲ್ಲಿ ಕ್ರೋಬೊ ಜನ ಬಾಟಲಿ ಗಾಜನ್ನು ಕುಟ್ಟಿ, ಮಣ್ಣಿನ ಅಚ್ಚಿಗೆ ತುಂಬಿ, ಮಣ್ಣಿನ ಭಟ್ಟಿಯಲ್ಲಿ ಸುಟ್ಟು ಚಂದದ ಮಣಿ ಮಾಡುತ್ತಾರೆ. ನಮ್ಮ ಕುಂಬಾರರಿಗೆ ಅಂಥ ಅಚ್ಚು ಮಾಡುವುದು ಹೊರೆಯಲ್ಲ.

ಹಿಡಿತ ನೋಡಿ. ಬಿಸಿಯನ್ನು ಹೇಳಿದಲ್ಲಿ ನಿಲ್ಲಿಸಿ, ತಾಸಿಗೆ ಇಷ್ಟೇ ಡಿಗ್ರಿ ಇಳಿಸುವ ಕಂಟ್ರೋಲರ್ ಭಟ್ಟಿಯ ಜೀವ. ಬರೀ ಆನ್–ಆಫ್ ಗುಂಡಿಯ ಭಟ್ಟಿ ಆವಿಗೆಗಿಂತ ಹೆಚ್ಚಲ್ಲ. ಬರ್ನರಿನ ಮೆತ್ತನೆ ಗಾಜಿನ ಕಡ್ಡಿಗೆ ಸುಮಾರು 510–520 ಡಿಗ್ರಿ, ಕಿಟಕಿ, ಬಾಟಲಿ ಗಾಜಿಗೆ ಸುಮಾರು 550. ಸಾಮಾನ್ಯ ಮಣಿಗೆ ಒಂದು ತಾಸು ಹಿಡಿದು, ಆಮೇಲೆ ತಾಸಿಗೆ 50 ಡಿಗ್ರಿಯಂತೆ 370ರವರೆಗೆ ಇಳಿಸಿ, ಬಾಗಿಲು ತೆರೆಯದೆ ಬಿಟ್ಟರೆ ಸಾಕು. ಬೇರೆ ಬೇರೆ ಜಾತಿಯ ಗಾಜನ್ನು ಒಂದೇ ಮಣಿಯಲ್ಲಿ ಬೆರೆಸಬೇಡಿ. ಅವು ಕುಗ್ಗುವ ಪ್ರಮಾಣ ಬೇರೆ, ಎಷ್ಟು ಚಂದ ಆರಿಸಿದರೂ ಸೀಳುತ್ತವೆ.

ಗೋಡೆ ನೋಡಿ. ಒಳಗೆ ನಾರಿನ ಹಲಗೆ ಇರುವ ಭಟ್ಟಿ ಹಗುರ, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹಗುರ ಇಟ್ಟಿಗೆಯದು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ನಡುವೆ ಕರೆಂಟು ಹೋಗುವ ಊರಿಗೆ ಇಟ್ಟಿಗೆಯದೇ ಲೇಸು. ಕರೆಂಟು ಹೋದರೂ ಅದು ಆವಿಗೆಯ ಹಾಗೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ.

ಕರೆಂಟಿನ ಲೆಕ್ಕ ಹಾಕಿ. 1500 ವ್ಯಾಟಿನ ಭಟ್ಟಿ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಟಿವಿ ಹಾಕುವ ಸಣ್ಣ ಪ್ಲಗ್ ಅದಕ್ಕೆ ಸಾಲದು, 16 ಆಂಪಿಯರಿನದು ಬೇಕು, ಅರ್ಥಿಂಗ್ ಬೇಕೇ ಬೇಕು. ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಭಟ್ಟಿಗೆ ಸಿಗುವ ಬಿಸಿ ನೂರಕ್ಕೆ 61 ಮಾತ್ರ. ಮೂರು ತಾಸು ಪೂರ್ತಿ ಎಳೆದರೂ ನಾಲ್ಕೂವರೆ ಯೂನಿಟ್.

ಬೂದಿಯನ್ನು ಮರೆಯಬೇಡಿ. ಬರ್ನರಿನಿಂದ ತೆಗೆದ ಸಣ್ಣ, ನಡುಗಾತ್ರದ ಮಣಿಯನ್ನು ಬೆಚ್ಚಗಿನ ಬೂದಿಯ ಗಡಿಗೆಯಲ್ಲಿ ಹುಗಿದರೆ ಬಹಳಷ್ಟು ಉಳಿಯುತ್ತವೆ. ಅದು ಅನೀಲಿಂಗ್ ಅಲ್ಲ, ತಡೆ ಮಾತ್ರ. ವಾರದ ಮಣಿ ಕೂಡಿಸಿ, ಭಟ್ಟಿಯಲ್ಲಿಟ್ಟು ಮೆಲ್ಲಗೆ ಬಿಸಿ ಏರಿಸಿ, ಹಿಡಿದು, ಇಳಿಸಿದರೆ ಆಯಿತು. ಹಾಗಾಗಿ ಮನೆಗೊಂದು ಭಟ್ಟಿ ಬೇಡ. ನಾಲ್ಕೈದು ಸಂಘ ಕೂಡಿ ಒಂದನ್ನು ಕೊಳ್ಳಬಹುದು.

ಮಣಿ ಹದವಾಯಿತೋ ಇಲ್ಲವೋ ನೋಡಲು ನಿಮ್ಮ ಮೊಬೈಲೇ ಸಾಕು. ಪರದೆಯಲ್ಲಿ ಬಿಳಿ ಚಿತ್ರ ಇಟ್ಟು, ಅದರ ಮೇಲೆ ಪಾರದರ್ಶಕ ಮಣಿ ಇಡಿ. ಪೋಲರೈಸ್ಡ್ ತಂಪು ಕನ್ನಡಕ ಹಿಡಿದು, ಪರದೆ ಕಪ್ಪಾಗಿ ಕಾಣುವವರೆಗೆ ತಿರುಗಿಸಿ. ಕತ್ತಲಲ್ಲಿ ಮಣಿಯೊಳಗೆ ಬೆಳಕಿನ ಪಟ್ಟೆ, ಬಣ್ಣ ಎದ್ದು ಕಂಡರೆ ಬಿಗಿ ಇನ್ನೂ ಉಳಿದಿದೆ. ಕರಿಮಣಿಯಲ್ಲಿ ಇದು ಕಾಣದು.

ಒಂದು ಮಾತು ಸಾಲದ ಬಗ್ಗೆ. 2023ರಲ್ಲಿ ಶುರುವಾದ ಕೇಂದ್ರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರರಿದ್ದಾರೆ, ಕುಂಬಾರರಿದ್ದಾರೆ, ಹೂಮಾಲೆ ಕಟ್ಟುವವರೂ ಇದ್ದಾರೆ. ಗಾಜಿನ ಮಣಿ ಮಾಡುವವರ ಹೆಸರಿಲ್ಲ. ಮಣಿ ಮಾಡಲು ಹೊರಟವರು ಸ್ವಂತ ದುಡ್ಡನ್ನೋ ಸಂಘದ ಸಾಲವನ್ನೋ ಹೂಡಬೇಕು. ಆ ದುಡ್ಡು ಬೇಡದ 1300 ಡಿಗ್ರಿಗೆ ಹೋದರೆ ಕಸುಬು ಹುಟ್ಟುವ ಮೊದಲೇ ಕಂತು ಬಾಕಿ ಬೀಳುತ್ತದೆ. ಅದಕ್ಕೆ ಅಂಗಡಿಯವರ ಮುಂದೆ ನಿಂತಾಗ ನಮ್ಮ ಸಲಹೆ ಇಷ್ಟೇ: ಎಷ್ಟು ಕಾಯುತ್ತದೆ ಎಂದು ಆಮೇಲೆ ಕೇಳಿ, ಎಷ್ಟು ನಿಧಾನ ಆರುತ್ತದೆ ಎಂದು ಮೊದಲು ಕೇಳಿ.