ಕಾರ್ಡಿನ ಬಡ್ಡಿ ಕಥಿ

ಮೊನ್ನೆ ನಮ್ಮ ಓಣ್ಯಾಗಿನ ವೈನಿ ಮೊಬೈಲ್ ಹಿಡ್ಕೊಂಡು ಬಂದಿದ್ರು. ಕ್ರೆಡಿಟ್ ಕಾರ್ಡಿನ ಬಡ್ಡಿ ಏರಸ್ತೀವಿ ಅಂತ ಬ್ಯಾಂಕಿನವರ ಮೆಸೇಜು. "ಹಿಂಗ ಮನಸ್ಸಿಗೆ ಬಂದಷ್ಟು ಹಾಕಿದ್ರ ಕೇಳೋರ ಇಲ್ಲೇನ್ರಿ?" ಅಂದ್ರು. ಕೇಳಿದವ್ರು ಇದ್ದಾರ್ರಿ. ಆ ಕಥಿ ಗೊತ್ತಿದ್ರ ಬ್ಯಾಂಕಿಗೆ ಫೋನ್ ಹಚ್ಚಿದಾಗ ಏನು ಮಾತಾಡಬೇಕು ಅನ್ನೋದೂ ತಿಳೀತದ.

ಹಿಂದ ಸಾಹುಕಾರರ ಬಡ್ಡಿಗೆ ಮೂಗುದಾಣ ಹಾಕಲಿಕ್ಕೆ ಅಂತ 1918ರಾಗ ಬ್ರಿಟಿಷ್ ಸರಕಾರ ಒಂದು ಕಾಯ್ದೆ ತಂತು. ಬಡ್ಡಿ ವಿಪರೀತ, ವ್ಯವಹಾರ ಅನ್ಯಾಯದ್ದು ಅನಿಸಿದ್ರ ಕೋರ್ಟು ಹಳೇ ಲೆಕ್ಕಾ ತೆಗಿಸಿ ನೋಡಬಹುದಿತ್ತು. ಆದ್ರ 1984ರಾಗ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ 21ಎ ಅನ್ನೋ ಕಲಮು ಸೇರ್ತು. ಬಡ್ಡಿ ಹೆಚ್ಚಾತು ಅನ್ನೋ ಕಾರಣಕ್ಕ ಬ್ಯಾಂಕಿನ ಸಾಲದ ಲೆಕ್ಕಾ ಕೋರ್ಟು ತೆಗಿಸೂಹಂಗಿಲ್ಲ ಅಂತಾತು. ಮೂಗುದಾಣ ಬ್ಯಾಂಕಿಗೆ ಉಳೀಲಿಲ್ಲ.

ಮುಂದ ಕಾರ್ಡು ಮನಿಮನಿಗೆ ಬಂತು. ಬಡ್ಡಿ ವರ್ಷಕ್ಕ ನೂರಕ್ಕ 36ರಿಂದ 49ರ ತನಕ ಹೋತು. ಆವಾಜ್ ಅನ್ನೋ ಸಂಸ್ಥಾದವ್ರು ರಾಷ್ಟ್ರೀಯ ಗ್ರಾಹಕ ಆಯೋಗದ ಬಾಗಲಾ ಬಡಿದ್ರು. 2008ರ ಜುಲೈ 7ಕ್ಕ ಆಯೋಗ, ಬಾಕಿ ಉಳಿಸಿಕೊಂಡವ್ರ ಕಡಿಂದ 30ಕ್ಕಿಂತ ಹೆಚ್ಚು ಬಡ್ಡಿ ತಗೊಳ್ಳೋದು ಅನ್ಯಾಯದ ವ್ಯಾಪಾರ ಅಂತ ಹೇಳ್ತು. ಬ್ಯಾಂಕಿನವ್ರು ಸುಪ್ರೀಂ ಕೋರ್ಟಿಗೆ ಹೋದ್ರು. 16 ವರ್ಷ ನಡೀತು. 2024ರ ಡಿಸೆಂಬರ್ 20ಕ್ಕ ಆ ತೀರ್ಪು ರದ್ದಾತು. ಬಡ್ಡಿ ನೋಡೋದು ರಿಸರ್ವ್ ಬ್ಯಾಂಕಿನ ಕೆಲಸ, ಆಯೋಗದ್ದಲ್ಲ ಅಂತ.

ಹಂಗಾರ ನಮ್ಮ ಕೈಯಾಗ ಏನದ? ರಿಸರ್ವ್ ಬ್ಯಾಂಕ್ ನಿಯಮದಾಗ ಬಡ್ಡಿಗೆ ಇಂತಿಷ್ಟ ಅನ್ನೋ ಮಿತಿ ಇಲ್ಲ, ಅದು ಸಮರ್ಥನೀಯ ಇರಬೇಕು ಅಂತ ಅಷ್ಟ ಅದ. ಆದ್ರ ಬಾಕಿ ಪೂರಾ ತುಂಬಿ ಕಾರ್ಡು ಬ್ಯಾಡ ಅಂದ್ರ 7 ಕೆಲಸದ ದಿನದಾಗ ಮುಚ್ಚಬೇಕು. ತಡಾ ಆದ್ರ ದಿನಕ್ಕ 500 ರೂಪಾಯಿ ದಂಡ ಬ್ಯಾಂಕಿನವ್ರ ನಮಗ ಕೊಡಬೇಕು. ಅಂದ್ರ ನಮ್ಮ ಜೋರು ಇರೋದು ಬಿಟ್ಟು ಹೋಗೋದ್ರಾಗ.

ವೈನಿದು 50,000 ಬಾಕಿ. ತಿಂಗಳಿಗೆ 3 ಟಕ್ಕೆ ಅಂದ್ರ 1,500 ಬಡ್ಡಿ, ಅದರ ಮ್ಯಾಲೆ ಜಿಎಸ್‌ಟಿ 270. ಕನಿಷ್ಠ ಮೊತ್ತ ಅಂತ 2,500 ತುಂಬಿದ್ರ ಅಸಲಿಗೆ ಹೋಗೋದು ಬರೇ 730. ಏರಿಸೋಕಿಂತ ಮೊದಲ ಹಿಂಗದ, ಏರಿಸಿದ ಮ್ಯಾಲೆ ಹೆಂಗ?

ಅದಕ್ಕ ನಾವು ಕೂತು ಮಾತು ಬರಕೊಂಡ್ವಿ: "ಬಂಗಾರದ ಸಾಲಕ್ಕ ಬಡ್ಡಿ ಕಡಿಮಿ ಅದ. ಅದನ್ನ ತಗೊಂಡು ನಿಮ್ಮದು ತೀರಿಸಿ ಕಾರ್ಡು ಮುಚ್ಚತೀನಿ. ಇಲ್ಲಾ ಈ ಬಾಕಿನ ಕಡಿಮಿ ಬಡ್ಡಿ ಕಂತಿಗೆ ಹಾಕಿ ಕೊಡ್ರಿ. ಏನು ಕೊಡ್ತೀರಿ, ಈಮೇಲಿನ್ಯಾಗ ಬರದು ಕಳಸ್ರಿ." ಹಠಾ ಬ್ಯಾಡ, ಅಳೋದೂ ಬ್ಯಾಡ. ದೂರಿನ ನಂಬರು, ತಾರೀಖು, ಮಾತಾಡಿದವ್ರ ಹೆಸರು ಬರದಿಟ್ಟುಕೋರಿ. ಕೊಟ್ಟ ದೂರಿಗೆ 30 ದಿನದಾಗ ಉತ್ತರಾ ಬರಲಿಲ್ಲಂದ್ರ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಕಡೆ ಹೋಗಬಹುದು.

ವೈನಿ ಚೀಟಿ ಮಡಚಿ ಪರ್ಸಿನ್ಯಾಗ ಇಟ್ಕೊಂಡ್ರು. ನಾಳೆ ಹತ್ತಕ್ಕ ಫೋನ್ ಹಚ್ಚತಾರಂತ. ಬಾಜೂಕ ನಾ ಕೂತಿರ್ತೀನಿ.